ಹಿತ್ತಲಿಗೆ ಬಂದ ಮೆಕ್ಸಿಕೋದ ಮಣ್ಣಿನ ಒಲೆ

ಚಿಕ್ಕಬಳ್ಳಾಪುರದ ಡಿಸೆಂಬರ್ ಚಳಿಗೆ ಸ್ವೆಟರ್ ಒಂದೇ ಸಾಲದು. ಅದಕ್ಕೇ ಈ ಸಲ ಹಿತ್ತಲಿಗೆ ಚಿಮಿನೇಯ ಬಂದಿದೆ. ಮೆಕ್ಸಿಕೋದವರ ಮಣ್ಣಿನ ಬೆಂಕಿಗೂಡು ಇದು. ಗುಡಾಣದಂಥ ಹೊಟ್ಟೆ, ಮುಂದೊಂದು ಬಾಯಿ, ಮೇಲೆ ಸಣ್ಣ ಕತ್ತು. ಗಾಳಿ ಬಾಯಿಂದ ಒಳಗೆ ನುಗ್ಗುತ್ತದೆ, ಹೊಗೆ ಕತ್ತಿನಿಂದ ಮೇಲೆ ಹೋಗುತ್ತದೆ. ಬಯಲಲ್ಲಿ ಬೆಂಕಿ ಹಾಕಿದರೆ ಹೊಗೆ ಯಾವಾಗಲೂ ನಮ್ಮ ಮುಖಕ್ಕೇ ಬರುತ್ತದೆ, ಅಲ್ವಾ? ಇಲ್ಲಿ ಆ ಕಾಟ ಕಡಿಮೆ. ಆದರೆ ಶಾಖ ಬಾಯಿಯ ಕಡೆಗೇ ಜಾಸ್ತಿ. ಆ ಜಾಗಕ್ಕೆ ನಮ್ಮನೆಯಲ್ಲಿ ದಿನಾ ಜಗಳ, ಗೆಲ್ಲೋದು ಅಜ್ಜಿ.

ತಳಕ್ಕೆ ಮರಳು ತುಂಬಿ, ಅದರ ಮೇಲೆ ಸೌದೆ ಇಡಬೇಕು. ಇಲ್ಲದಿದ್ದರೆ ಉರಿ ನೇರ ತಾಕಿ ಮಣ್ಣು ಬಿರುಕು ಬಿಡುತ್ತದೆ. ಹೊಸದರಲ್ಲಿ ಪುಳ್ಳೆ ಹಾಕಿ ಸಣ್ಣ ಉರಿಯಲ್ಲೇ ಪಳಗಿಸಬೇಕು, ಪ್ರತಿ ಸಲ ಪೂರ್ತಿ ಆರಲು ಬಿಡಬೇಕು. ಕಾದಾಗ ನೀರು ಸುರಿಯಲೇಬಾರದು. ಸೀಮೆಎಣ್ಣೆಯಂತೂ ಬೇಡವೇ ಬೇಡ. ಮಳೆ ಬಂದರೆ ಟಾರ್ಪಾಲ್ ಹೊದಿಸಿ. ಒದ್ದೆ ಮಣ್ಣಿಗೆ ಬೆಂಕಿ ಹಾಕಿದರೂ ಸೀಳುತ್ತದೆ.

ಸೌದೆಗೇನೂ ಕೊರತೆಯಿಲ್ಲ. ಒಣ ನೀಲಗಿರಿ, ಮಾವಿನ ಕೊಂಬೆ ಎರಡೂ ಸಿಗುತ್ತವೆ. ನೀಲಗಿರಿ ಧಗ್ಗನೆ ಉರಿಯುತ್ತದೆ, ನನಗೆ ಮಾವೇ ಇಷ್ಟ. ಕೆಂಡವಾದ ಮೇಲೆ ಗೆಣಸು ಹೂತಿಡುತ್ತೇವೆ. ಮುಂದಿನ ಭಾನುವಾರ ಕಡಲೆಕಾಯಿ ಸುಡಬೇಕಂತೆ, ಅಜ್ಜಿಯ ಆರ್ಡರ್.