ಗೌರಿ ಮೊದಲು, ಗಣಪ ಆಮೇಲೆ, ಕೊನೆಗೆ ಜೋಕುಮಾರ

ಭಾದ್ರಪದ ಹತ್ತಿರ ಬಂದರೆ ಸಾಕು, ಮೊಬೈಲಿಗೆ ಗಣಪತಿಯ ಚಿತ್ರಗಳು ಬರಲು ಶುರುವಾಗುತ್ತವೆ. ಚಿತ್ರದ ಸುತ್ತ ಬಾಣದ ಗುರುತು. ದೊಡ್ಡ ಕಿವಿ ಅಂದರೆ ಜಾಸ್ತಿ ಕೇಳಿಸಿಕೋ. ಸಣ್ಣ ಬಾಯಿ ಅಂದರೆ ಕಡಿಮೆ ಮಾತಾಡು. ದೊಡ್ಡ ಹೊಟ್ಟೆ ಅಂದರೆ ಕಷ್ಟಸುಖ ಎರಡನ್ನೂ ಅರಗಿಸಿಕೋ. ಕೆಳಗೆ ಇಲಿ ಅಂದರೆ ಆಸೆಯ ಮೇಲೆ ಹಿಡಿತ. ಇದೆಲ್ಲ ತಪ್ಪು ಅಂತ ನಾನು ಹೇಳುವುದಿಲ್ಲ. ಮಕ್ಕಳಿಗೆ ಹೇಳೋಕೆ ಚೆನ್ನಾಗಿದೆ. ಆದರೆ ಹೀಗೆ ನೋಡುತ್ತಾ ಹೋದರೆ ದೇವರು ಶಾಲೆಯ ಗೋಡೆಗೆ ನೇತುಹಾಕಿದ ಪಟದ ಹಾಗೆ ಆಗಿಬಿಡುತ್ತಾನೆ. ಓದಿ ಮುಗಿಸಿದ ಮೇಲೆ ಕೈ ಮುಗಿಯಬೇಕು ಅನ್ನಿಸುವುದೇ ಇಲ್ಲ.

ಯಾರು ಯಾವ ದಿನ ಬರುತ್ತಾರೆ, ಬಂದವರಿಗೆ ಏನು ಬಡಿಸುತ್ತೇವೆ, ಹೇಗೆ ಕಳಿಸಿಕೊಡುತ್ತೇವೆ? ಈ ಹಬ್ಬದ ಅರ್ಥವನ್ನು ನಾನು ಹುಡುಕುವುದು ಅಲ್ಲಿ.

ನಮ್ಮ ಮೈಸೂರು ಕಡೆ ಮೊದಲು ಬರುವುದು ತಾಯಿ. ಭಾದ್ರಪದ ಶುದ್ಧ ತದಿಗೆಗೆ ಗೌರಿ, ಮಾರನೇ ದಿನ ಚೌತಿಗೆ ಗಣಪ. ಹಿರಿಯರು ಹೇಳುವ ಕಥೆ ಬಹಳ ಸರಳ. ಗೌರಿ ವರ್ಷಕ್ಕೊಮ್ಮೆ ಕೈಲಾಸದಿಂದ ತವರಿಗೆ ಬರುತ್ತಾಳೆ. ಭೂಮಿಯೇ ಅವಳ ತವರು. ಮಾರನೇ ದಿನ ಅಮ್ಮನನ್ನು ಕರೆದುಕೊಂಡು ಹೋಗೋಕೆ ಮಗ ಬರುತ್ತಾನೆ. ಅಷ್ಟೇ. ಅಜ್ಜಿ ಮನೆಗೆ ಬಂದ ಮೊಮ್ಮಗನಿಗೆ ಕಡುಬು, ಉಂಡೆ, ಚಕ್ಕುಲಿ ಮಾಡದೆ ಇರಲು ಆಗುತ್ತದಾ?

ಈ ಕಥೆಯಲ್ಲಿ ನಮ್ಮ ಜಾಗ ಯಾವುದು ನೋಡಿ. ಬೇರೆ ಪೂಜೆಗಳಲ್ಲಿ ನಾವು ಭಕ್ತರು, ಬೇಡುವವರು. ಗೌರಿ ಹಬ್ಬದಲ್ಲಿ ನಾವು ಅವಳ ತವರಿನವರು. ಲೋಕವನ್ನೇ ಸಾಕುವ ತಾಯಿ ಎರಡು ದಿನದ ಮಟ್ಟಿಗೆ ನಮ್ಮ ಮನೆಯ ಮಗಳು. ಅವಳಿಗೆ ಏನು ಇಷ್ಟ, ಏನು ಉಡಿಸಬೇಕು, ಬರಿಗೈಯಲ್ಲಿ ಹೇಗೆ ಕಳಿಸೋದು ಅನ್ನುವ ಚಿಂತೆ ನಮ್ಮದಾಗುತ್ತದೆ. ದೊಡ್ಡ ದೇವರನ್ನು ಇಷ್ಟು ಹತ್ತಿರ ಕೂರಿಸಿಕೊಳ್ಳುವ ಹಬ್ಬ ಬೇರೆ ಇಲ್ಲ ಅಂತ ನನ್ನ ಲೆಕ್ಕ.

ಅದೇ ದಿನ ನಿಜವಾದ ಹೆಣ್ಣುಮಕ್ಕಳ ಮನೆಗೂ ತವರಿನಿಂದ ಬಾಗಿನ ಹೋಗುತ್ತದೆ. ಅಣ್ಣನೋ ತಮ್ಮನೋ ಹೊತ್ತುಕೊಂಡು ಹೋಗುತ್ತಾನೆ. ದೂರದಲ್ಲಿದ್ದರೆ ದುಡ್ಡು ಕಳಿಸುತ್ತಾರೆ. ಈಗ ಫೋನ್‌ನಲ್ಲೇ ಕಳಿಸುವುದೂ ಉಂಟು. ಮೊತ್ತ ಎಷ್ಟು ಅಂತ ಯಾರೂ ನೋಡುವುದಿಲ್ಲ. ಆದರೆ ಕಳಿಸದಿದ್ದರೆ ಮಾತ್ರ ಅವಳು ಮರೆಯುವುದಿಲ್ಲ. ತವರು ನನ್ನನ್ನು ನೆನೆಸಿಕೊಂಡಿತು ಅನ್ನುವುದಕ್ಕೆ ಅದೊಂದೇ ಸಾಕ್ಷಿ. ಪೂಜೆಯ ಪೀಠದಲ್ಲಿ ಗೌರಿಗೆ ನಡೆಯುವುದೂ ಹೊಸ್ತಿಲಲ್ಲಿ ಮಗಳಿಗೆ ನಡೆಯುವುದೂ ಒಂದೇ ದಿನ, ಒಂದೇ ಮೊರದಲ್ಲಿ.

ಮೊರದ ಬಾಗಿನ ಜೋಡಿಸಿದವರಿಗೆ ಗೊತ್ತು, ಅದೊಂದು ಇಡೀ ದಿನದ ಕೆಲಸ. ಎರಡು ಬಿದಿರಿನ ಮೊರ ತಂದು ಅರಿಶಿನ ಹಚ್ಚಿ ಒಣಗಿಸಬೇಕು. ಕುಂಕುಮ ಇಡಬೇಕು. ಒಂದರೊಳಗೆ ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ರವೆ, ಬೆಲ್ಲ, ಉಪ್ಪು. ಜೊತೆಗೆ ತೆಂಗಿನಕಾಯಿ, ಹಣ್ಣು, ರವಿಕೆ ಕಣ, ಅರಿಶಿನ ಕುಂಕುಮ, ಕಪ್ಪು ಬಳೆ, ಕರಿಮಣಿ, ಬಾಚಣಿಗೆ, ಪುಟ್ಟ ಕನ್ನಡಿ, ಬಳೆ ಬಿಚ್ಚೋಲೆ. ಮೇಲೆ ಇನ್ನೊಂದು ಮೊರ ಮುಚ್ಚಬೇಕು. ಕೊಡುವವಳು ಸೆರಗು ಹೊದಿಸಿ ಕೊಡುತ್ತಾಳೆ. ತಗೊಳ್ಳುವವಳೂ ಸೆರಗು ಒಡ್ಡಿಯೇ ತಗೊಳ್ಳುತ್ತಾಳೆ. ಮದುವೆಯಾದ ಮೊದಲ ವರ್ಷ 16 ಬಾಗಿನ ಕೊಡಿಸುವ ಪದ್ಧತಿ ಹಲವು ಮನೆಗಳಲ್ಲಿದೆ. ಕೈಗೆ ಕಟ್ಟಿಕೊಳ್ಳುವ ಗೌರಿ ದಾರಕ್ಕೂ 16 ಗಂಟು.

ಮೊರದ ಅರ್ಥ ಹೇಳುವಾಗ ಜೊಳ್ಳು ಹಾರಿಸಿ ಕಾಳು ಉಳಿಸಿಕೊಳ್ಳುವುದು ಅಂತ ಹೇಳುತ್ತಾರೆ. ಒಪ್ಪುವ ಮಾತೇ. ನನಗೆ ಅದಕ್ಕಿಂತ ಹಿಡಿಸುವುದು ಆ ಮುಚ್ಚಳ. ಒಳಗೆ ಎಷ್ಟಿದೆ ಅಂತ ಪಕ್ಕದವರಿಗೆ ಕಾಣುವುದಿಲ್ಲ. ಉಳ್ಳವರು ಕೊಟ್ಟಿದ್ದೂ ಇಲ್ಲದವರು ಕೊಟ್ಟಿದ್ದೂ ಹೊರಗಿನಿಂದ ಒಂದೇ ಥರ. ಈಗ ಅಂಗಡಿಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಸುತ್ತಿದ ರೆಡಿಮೇಡ್ ಬಾಗಿನ ಸಿಗುತ್ತದೆ. ಒಳಗಿರುವುದೆಲ್ಲ ಕಾಣುತ್ತದೆ, ಬೆಲೆಯ ಚೀಟಿ ಸಮೇತ! ಸಮಯವಿಲ್ಲದವರಿಗೆ ಅದು ಅನುಕೂಲ, ಬೈಯುವುದಿಲ್ಲ. ಮನೆಗೆ ತಂದ ಮೇಲೆ ಆ ಪ್ಲಾಸ್ಟಿಕ್ ಆದರೂ ತೆಗೆಯಿರಿ.

ಮೊರ ಹೆಣೆಯುವವರು ಮೇದರು. 12ನೇ ಶತಮಾನದ ಕಲ್ಯಾಣದಲ್ಲಿ ಬಿದಿರು ಸೀಳಿ ಬುಟ್ಟಿ ಮೊರ ಹೆಣೆದು ಬದುಕಿದ ಶರಣ ಮೇದಾರ ಕೇತಯ್ಯನ ಕಸುಬು ಇದೇ. ಹಬ್ಬದ ಹಿಂದಿನ ವಾರ ರಸ್ತೆ ಬದಿಯಲ್ಲಿ ಮೊರ ಪೇರಿಸಿಕೊಂಡು ಕೂತವರ ಹತ್ತಿರ ಚೌಕಾಸಿ ಮಾಡುವಾಗ ಇದು ನೆನಪಾದರೆ ಒಳ್ಳೆಯದು.

ಬಾಗಿನ ಬರೀ ಹೆಂಗಸರ ಮಧ್ಯದ ಶಾಸ್ತ್ರ ಅಂತಲೂ ಅಂದುಕೊಳ್ಳಬೇಡಿ. ಕೆಆರ್‌ಎಸ್ ಜಲಾಶಯ ತುಂಬಿದ ವರ್ಷ ಮುಖ್ಯಮಂತ್ರಿಗಳೇ ಬಂದು ಕಾವೇರಿಗೆ ಬಾಗಿನ ಬಿಡುತ್ತಾರೆ. ತುಂಬಿ ಹರಿಯುವ ಹೊಳೆಯೂ ನಮಗೆ ಮನೆಗೆ ಬಂದ ಹೆಣ್ಣುಮಗಳೇ. ಎಷ್ಟೋ ಮನೆಗಳಲ್ಲಿ ಗೌರಿಯನ್ನು ತರುವುದೂ ನೀರಿನಿಂದಲೇ. ಬಾವಿಯ ಹತ್ತಿರವೋ ಕೆರೆಯ ಹತ್ತಿರವೋ ಗಂಗೆಗೆ ಪೂಜೆ ಮಾಡಿ, ಕಲಶದಲ್ಲಿ ನೀರು ತುಂಬಿ ತರುತ್ತಾರೆ. ಅವಳೇ ಜಲಗೌರಿ. ಕೆಲವರು ಹೊಳೆಯ ಮರಳಲ್ಲಿ ಗೌರಿ ಮಾಡುತ್ತಾರೆ. ಮೂರ್ತಿ ಇಲ್ಲದೆ ಅರಿಶಿನದ ಉಂಡೆಗೇ ಪೂಜೆ ಮಾಡಿ ಮುಗಿಸುವ ಮನೆಗಳೂ ಇವೆ. ಯಾವುದರಲ್ಲಿ ಕರೆದರೂ ಬರುತ್ತಾಳೆ ಪಾಪ.

ಇನ್ನು ಮಗ. ಅವನ ಹುಟ್ಟಿನ ಕಥೆ ಎಲ್ಲರಿಗೂ ಗೊತ್ತು. ಪಾರ್ವತಿ ಸ್ನಾನಕ್ಕೆ ಹೋಗುವ ಮುಂಚೆ ತನ್ನ ಮೈಗೆ ಹಚ್ಚಿದ್ದ ಲೇಪದಿಂದ, ಮೈಯ ಮಣ್ಣಿನಿಂದ ಒಂದು ಹುಡುಗನನ್ನು ಮಾಡಿದಳು. ಜೀವ ಕೊಟ್ಟು ಬಾಗಿಲಿಗೆ ನಿಲ್ಲಿಸಿದಳು. ಶಿವ ಬಂದ. ಹುಡುಗ ಬಿಡಲಿಲ್ಲ. ತಲೆ ಹೋಯಿತು. ತಾಯಿಯ ದುಃಖ ನೋಡಲಾರದೆ ಆನೆಯ ತಲೆ ತಂದು ಕೂಡಿಸಿದರು. ಈ ಕಥೆ ಹೇಳುವಾಗ ಎಲ್ಲರೂ ತಲೆಯ ಹತ್ತಿರ ನಿಂತುಬಿಡುತ್ತಾರೆ. ಆನೆ ಅಂದರೆ ಬುದ್ಧಿ, ಬಲ ಅಂತ ಶುರು ಮಾಡುತ್ತಾರೆ. ತಲೆ ಹೊರಗಿನಿಂದ ಬಂದಿದ್ದು. ಕತ್ತಿನಿಂದ ಕೆಳಗೆ ಅವನು ಪೂರ್ತಿ ಅಮ್ಮನ ಮಗ, ಅವಳ ಮೈಯ ಮಣ್ಣು. ನಾವು ಕೆರೆಯ ಜೇಡಿಮಣ್ಣಿನಲ್ಲಿ ಗಣಪನನ್ನು ಮಾಡುವಾಗ ಅವಳು ಮಾಡಿದ್ದನ್ನೇ ಮತ್ತೆ ಮಾಡುತ್ತಿದ್ದೇವೆ.

ಇದನ್ನೇ ಕಲ್ಲಿನಲ್ಲಿ ನೋಡಬೇಕು ಅಂದರೆ ಹಂಪಿಗೆ ಹೋಗಿ. ಹೇಮಕೂಟದ ತಪ್ಪಲಿನಲ್ಲಿ ಸಾಸಿವೆಕಾಳು ಗಣಪ ಇದ್ದಾನೆ. ಹೆಸರು ಸಾಸಿವೆಕಾಳು, ಎತ್ತರ ಸುಮಾರು 8 ಅಡಿ. ಒಂದೇ ಬಂಡೆಯಲ್ಲಿ ಕೆತ್ತಿದ್ದು. ಚಂದ್ರಗಿರಿಯ ವರ್ತಕನೊಬ್ಬ 1506ರಲ್ಲಿ ಆ ಮಂಟಪ ಕಟ್ಟಿಸಿದ ಅಂತ ಶಾಸನ ಹೇಳುತ್ತದೆ. ತೆರೆದ ಮಂಟಪವಾದ್ದರಿಂದ ಸುತ್ತ ಓಡಾಡಬಹುದು. ಹೆಚ್ಚಿನವರು ಮುಂದೆ ನಿಂತು ಫೋಟೊ ತೆಗೆದು, ಸ್ವಲ್ಪ ದೂರದಲ್ಲೇ ಇರುವ ಕಡಲೆಕಾಳು ಗಣಪನ ಕಡೆ ಹೊರಟುಬಿಡುತ್ತಾರೆ. ಹಿಂದೆ ಹೋಗಿ ನೋಡಿ. ಅಲ್ಲಿ ಗಣಪನ ಬೆನ್ನು ಇಲ್ಲ! ಕೂತ ಹೆಂಗಸಿನ ಬೆನ್ನು ಇದೆ. ಅದು ಪಾರ್ವತಿ. ಮುಂದೆ ಕಾಣುವವನು ಅವಳ ತೊಡೆಯ ಮೇಲೆ ಕೂತ ಮಗ.

ಆ ಶಿಲ್ಪಿ ಯಾರೋ ಏನೋ. ತಾಯಿಯನ್ನು ಹಿಂದೆ ಕೆತ್ತಿ ಸುಮ್ಮನಾಗಿದ್ದಾನೆ. ಪ್ರದಕ್ಷಿಣೆ ಬಂದವರಿಗೆ ಮಾತ್ರ ಅವಳು ಸಿಗುತ್ತಾಳೆ. ಪ್ರದಕ್ಷಿಣೆ ಯಾಕೆ ಹಾಕಬೇಕು ಅಂತ ಮಕ್ಕಳು ಕೇಳಿದರೆ ನಾನು ಈ ಗಣಪನನ್ನು ತೋರಿಸುತ್ತೇನೆ.

ಚೌತಿಯ ಬೇರೆ ವಿಚಾರಗಳು ನಿಮಗೆ ಗೊತ್ತಿರುವುದೇ. ಚಂದ್ರನನ್ನು ನೋಡಿದರೆ ಅಪವಾದ, ನೋಡಿಬಿಟ್ಟರೆ ಶಮಂತಕ ಮಣಿಯ ಕಥೆ ಕೇಳುವುದು. ಅನಲಾಸುರನನ್ನು ನುಂಗಿ ಹೊಟ್ಟೆ ಉರಿದಾಗ ತಂಪು ಕೊಟ್ಟಿದ್ದು ಗರಿಕೆ. 21 ಪತ್ರೆಗಳ ಪಟ್ಟಿ ಮಾತ್ರ ಒಮ್ಮೆ ನಿಧಾನವಾಗಿ ಓದಿ. ಗರಿಕೆ, ಎಕ್ಕ, ಉತ್ತರಾಣಿ, ಉಮ್ಮತ್ತಿ, ಬನ್ನಿ, ಎಲಚಿ, ಕಣಗಿಲೆ, ದಾಳಿಂಬೆ, ಮಾವು, ಬಿಲ್ವ, ಅರಳಿ. ಅರ್ಧಕ್ಕರ್ಧ ಬೇಲಿಯ ಗಿಡ, ಪಾಳು ಜಾಗದ ಗಿಡ. ದನವೂ ಬಾಯಿ ಹಾಕದ ಎಕ್ಕಕ್ಕೆ, ವಿಷದ ಉಮ್ಮತ್ತಿಗೆ ಇಲ್ಲಿ ಮರ್ಯಾದೆ ಇದೆ. ಹಿಂದೆ ಮಕ್ಕಳನ್ನು ಬೆಳಗ್ಗೆ ಪತ್ರೆ ತರೋಕೆ ಓಡಿಸುತ್ತಿದ್ದರು. ಊರ ಸುತ್ತಲ ಗಿಡದ ಪರಿಚಯ ಹಾಗೇ ಆಗಿಹೋಗುತ್ತಿತ್ತು. ಈಗ ಮಾರ್ಕೆಟ್ಟಿನಲ್ಲಿ ಕಟ್ಟು ಸಿಗುತ್ತದೆ. ಬಿಚ್ಚಿ ನೋಡಿದರೆ ಬಹುಪಾಲು ಗರಿಕೆ ಮತ್ತು ಯಾವುದೋ ಸೊಪ್ಪು.

ವಿಸರ್ಜನೆಯ ಬಗ್ಗೆ ಸ್ವಲ್ಪ ಹೇಳಬೇಕು. ನೀರಿನಿಂದ ಬಂದ ಗೌರಿ ನೀರಿಗೆ, ಕೆರೆ ಮಣ್ಣಿನ ಗಣಪ ಕೆರೆಗೆ. ಮಣ್ಣು ಕರಗಿ ತಳ ಸೇರುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿ ಹಾಗೆ ಕರಗುವುದಿಲ್ಲ. ಬಣ್ಣ ಬಿಟ್ಟುಕೊಂಡು, ಕೈಕಾಲು ಮುರಿದುಕೊಂಡು ದಡಕ್ಕೆ ಬಂದು ಬೀಳುತ್ತದೆ. ಪರಿಸರದ ಮಾತು ಸರಿ, ಅದನ್ನು ತುಂಬಾ ಜನ ಹೇಳುತ್ತಾರೆ. ಭಕ್ತಿಯ ಕಡೆಯಿಂದಲೂ ಒಂದು ಮಾತಿದೆ. ಹೋಗಿ ಬಾ ಅಂತ ಕಳಿಸಿದ ಮೇಲೆ ಅವನಿಗೆ ಹೋಗೋಕೆ ಆಗಬೇಕಲ್ವಾ? ಕರಗದ ಗಣಪ ಊರಿಗೆ ಹೋಗಲಾಗದೆ ನಡುದಾರಿಯಲ್ಲಿ ನಿಂತವನು. ನನಗಂತೂ ಅದನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

1893ರ ಹೊತ್ತಿಗೆ ಪುಣೆಯಲ್ಲಿ ತಿಲಕರು ಈ ಹಬ್ಬವನ್ನು ಬೀದಿಗೆ ತಂದರು. ಜನ ಸೇರಬೇಕಿತ್ತು, ಸೇರಿದರು. ಆ ಕಾಲಕ್ಕೆ ಅದು ಬೇಕಿತ್ತು. ಬೀದಿಗೆ ಬಂದಿದ್ದು ಮಗ ಮಾತ್ರ. ಇವತ್ತಿಗೂ ಪೆಂಡಾಲಿನಲ್ಲಿ ಗೌರಿ ಇದ್ದರೆ ದೊಡ್ಡ ಗಣಪನ ಪಕ್ಕ ಪುಟ್ಟದಾಗಿ ಕೂತಿರುತ್ತಾಳೆ. ಅವಳ ಜಾಗ ಮನೆಯ ಒಳಗೇ ಉಳಿಯಿತು.

ಎಲ್ಲ ಕಡೆ ಇದೇ ಕ್ರಮ ಅಂತೇನೂ ಇಲ್ಲ. ಮಹಾರಾಷ್ಟ್ರದಲ್ಲಿ, ನಮ್ಮ ಉತ್ತರ ಕರ್ನಾಟಕದ ಹಲವು ಮನೆಗಳಲ್ಲಿ ಜ್ಯೇಷ್ಠಾ ಗೌರಿ ಬರುವುದು ಚೌತಿ ಆದ ಮೇಲೆ. ಅನುರಾಧಾ ನಕ್ಷತ್ರದ ದಿನ ಬಂದು, ಜ್ಯೇಷ್ಠಾ ದಿನ ಹೋಳಿಗೆ ಊಟ ಮಾಡಿ, ಮೂಲಾ ದಿನ ಹೊರಡುತ್ತಾಳೆ. ಅಲ್ಲಿ ಮಗ ಮೊದಲು ಬಂದು ತಾಯಿಗೆ ಕಾಯುತ್ತಾನೆ. ಎರಡರಲ್ಲಿ ಯಾವುದು ಸರಿ ಅಂತ ಕೇಳಬೇಡಿ. ಮಗಳು ಯಾವ ಬಸ್ಸಿಗೆ ಬಂದರೂ ತವರಿಗೆ ಸಂತೋಷವೇ.

ಆದರೆ ಉತ್ತರ ಕರ್ನಾಟಕದವರ ಹತ್ತಿರ ನಮ್ಮಲ್ಲಿ ಇಲ್ಲದ ಇನ್ನೊಬ್ಬ ಇದ್ದಾನೆ. ಜೋಕುಮಾರ. ಗಣಪ ಬಂದು ಹೋಗುವ ಹೊತ್ತಿಗೆ, ಭಾದ್ರಪದ ಶುದ್ಧ ಅಷ್ಟಮಿಯ ಸುಮಾರಿಗೆ ಹುಟ್ಟುತ್ತಾನೆ. ಮಣ್ಣಿನ ಮೂರ್ತಿ, ಅಗಲ ಕಣ್ಣು, ಬಾಯಿಗೆ ಬೆಣ್ಣೆ. ಬೇವಿನ ಸೊಪ್ಪು ಹಾಸಿದ ಬುಟ್ಟಿಯಲ್ಲಿ ಕೂರಿಸಿ, ಅಂಬಿಗರ ಹೆಣ್ಣುಮಕ್ಕಳು ತಲೆಯ ಮೇಲೆ ಹೊತ್ತು ಮನೆ ಮನೆಗೆ ಹಾಡುತ್ತಾ ಹೋಗುತ್ತಾರೆ. ಮನೆಯವರು ಮೊರದಲ್ಲಿ ಜೋಳ ತಂದು ಹಾಕುತ್ತಾರೆ. ಮತ್ತೆ ಮೊರ ಬಂತು ನೋಡಿ. ಅವನ ಆಯುಸ್ಸು ಏಳೇ ದಿನ. ಹುಣ್ಣಿಮೆಗೆ ಸಾಯುತ್ತಾನೆ. ಪುಂಡ ಅವನು, ಹೆಂಗಸರ ಹಿಂದೆ ಬಿದ್ದು ಹೊಡೆಸಿಕೊಂಡು ಸತ್ತ ಅಂತ ಕಥೆ.

ಇಂಥವನನ್ನು ಯಾಕೆ ದೇವರು ಅಂತ ಹೊತ್ತು ತಿರುಗುತ್ತಾರೆ? ಅಲ್ಲಿನ ರೈತರು ಹೇಳುವ ಕಾರಣ ಕೇಳಿ. ಗಣಪ ಬರುತ್ತಾನೆ, ಕಡುಬು ಹೋಳಿಗೆ ತಿನ್ನುತ್ತಾನೆ. ಕೈಲಾಸಕ್ಕೆ ಹೋಗಿ, ಭೂಮಿಯಲ್ಲಿ ಎಲ್ಲ ಚೆನ್ನಾಗಿದೆ, ಜನ ಸುಖವಾಗಿದ್ದಾರೆ ಅಂತ ಹೇಳಿಬಿಡುತ್ತಾನೆ. ತಾನು ಕಂಡಿದ್ದು ಹಬ್ಬದ ಮನೆ ತಾನೆ, ಅವನದೂ ತಪ್ಪಲ್ಲ. ಆಮೇಲೆ ಜೋಕುಮಾರ ಬರುತ್ತಾನೆ. ಕೇರಿ ಕೇರಿ ಸುತ್ತುತ್ತಾನೆ. ಒಣಗಿದ ಹೊಲ ನೋಡುತ್ತಾನೆ, ಏಟು ತಿನ್ನುತ್ತಾನೆ. ಹೋಗಿ ಶಿವ ಪಾರ್ವತಿಯರಿಗೆ ಇದ್ದದ್ದು ಇದ್ದಹಾಗೆ ಹೇಳುತ್ತಾನೆ: ಮಳೆ ಇಲ್ಲ, ಜನ ಕಷ್ಟದಲ್ಲಿದ್ದಾರೆ. ಆಗ ಮಳೆ ಬರುತ್ತದೆ.

ಈ ನಂಬಿಕೆ ಹುಟ್ಟಿದ್ದು ಯಾವ ನೆಲದಲ್ಲಿ ಅಂತ ನೋಡಿದರೆ ಇನ್ನೂ ಅರ್ಥವಾಗುತ್ತದೆ. ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಎರೆಭೂಮಿಯಲ್ಲಿ ಬಿಳಿಜೋಳ ಹಿಂಗಾರಿ ಬೆಳೆ. ಮಳೆಗಾಲದ ಕೊನೆಯ ಮಳೆಯಲ್ಲಿ ನೆಲ ತೇವ ಹಿಡಿದುಕೊಂಡರೆ ಮಾತ್ರ ಬಿತ್ತನೆ. ಹುಬ್ಬೆ, ಉತ್ತರೆ ಮಳೆ ಕೈಕೊಟ್ಟರೆ ವರ್ಷದ ರೊಟ್ಟಿ ಹೋದ ಹಾಗೆ. ಜೋಕುಮಾರ ಬರುವುದೂ ಸರಿಯಾಗಿ ಅದೇ ದಿನಗಳಲ್ಲಿ. ದೇವರಿಗೆ ಒಳ್ಳೆಯ ಸುದ್ದಿ ಮುಟ್ಟಿಸೋಕೆ ಒಬ್ಬ, ಕೆಟ್ಟ ಸುದ್ದಿ ಮುಟ್ಟಿಸೋಕೆ ಇನ್ನೊಬ್ಬ. ಎಷ್ಟು ಲೆಕ್ಕಾಚಾರದ ಭಕ್ತಿ! ಕೆಟ್ಟ ಸುದ್ದಿ ಹೊತ್ತು ಹೋಗುವವನು ಒಳ್ಳೆಯ ಹುಡುಗನಾಗಿರಬೇಕು ಅಂತ ಅವರು ಕೇಳಲಿಲ್ಲ.

ನಮ್ಮ ಕಡೆ ಜೋಕುಮಾರ ಇಲ್ಲ. ಹಾಗಾಗಿ ಕಷ್ಟ ಹೇಳಿಕೊಳ್ಳುವುದೂ ಗೌರಿಯ ಹತ್ತಿರವೇ. ಕಳಿಸುವ ದಿನ ಮಡಿಲಕ್ಕಿ ತುಂಬಿ, ಮೊಸರನ್ನದ ಬುತ್ತಿ ಇಟ್ಟು, ಆರತಿ ಎತ್ತುವಾಗ ನಮ್ಮ ದೊಡ್ಡಮ್ಮ ಮಂತ್ರ ಗಿಂತ್ರ ಏನೂ ಹೇಳುವುದಿಲ್ಲ. ಜೋರಾಗಿಯೇ ಮಾತಾಡುತ್ತಾರೆ. "ಬೋರ್‌ವೆಲ್ಲು ಬತ್ತಿದೆ ಕಣಮ್ಮ. ಹೋದ ತಕ್ಷಣ ನಿನ್ನ ಗಂಡನಿಗೆ ಒಂದು ಮಾತು ಹೇಳು. ಗಂಗೆ ಇರೋದು ಅವನ ತಲೆ ಮೇಲೆ ತಾನೆ?"