ಡಿ ಫಾರ್ಮಾನಾ, ಬಿ ಫಾರ್ಮಾನಾ, ಫಾರ್ಮ್ ಡಿ ನಾ?

ಪಿಯುಸಿ ರಿಸಲ್ಟ್ ಬಂತಂದ್ರೆ ನನ್ನ ಫೋನ್‌ಗೆ ಬಿಡುವಿಲ್ಲ. ಊರಿನ ಚಿಕ್ಕಪ್ಪ, ಹೆಂಡ್ತಿ ಕಡೆಯೋರು, ಬಿಪಿ ಮಾತ್ರೆಗೆ ಅಂಗಡಿಗೆ ಬರೋ ಮೇಷ್ಟ್ರು, ಎಲ್ರೂ ಕೇಳೋದು ಫಾರ್ಮಸಿಲಿ ಈ ಮೂರರಲ್ಲಿ ಯಾವ ಕೋರ್ಸ್ ಸೇರಿಸೋದು ಅಂತ. ಮೇಷ್ಟ್ರಂತೂ "ಮಗಳನ್ನ ಫಾರ್ಮಸಿಗೆ ಸೇರಿಸ್ತೀನಿ, ಡಾಕ್ಟ್ರು ಅಂತ ಹಾಕ್ಕೋಬೋದಂತಲ್ಲ ಆ ಕೋರ್ಸೇ ಬೇಕು" ಅಂತ ಮೊದ್ಲೇ ತೀರ್ಮಾನ ಮಾಡ್ಕೊಂಡು ಬಂದಿದ್ರು.

ನಾನು ತಿರುಗಿ ಕೇಳಿದ್ದು ಇಷ್ಟೇ: ಓದು ಮುಗಿದ್ಮೇಲೆ ಅವ್ಳು ಎಲ್ಲಿ ನಿಂತು ಕೆಲ್ಸ ಮಾಡ್ಬೇಕು ಅಂತಿದಾಳೆ? ಕೌಂಟರ್ ಹಿಂದೆನಾ, ಫ್ಯಾಕ್ಟರಿಲಾ, ಆಸ್ಪತ್ರೆ ವಾರ್ಡಲ್ಲಾ?

ಸ್ವಂತ ಮೆಡಿಕಲ್ ಶಾಪ್ ಇಡ್ಬೇಕು ಅನ್ನೋರಿಗೆ ಡಿ ಫಾರ್ಮಾ ಸಾಕು ಕಣ್ರೀ. 2 ವರ್ಷ ಓದು, ಆಮೇಲೆ 500 ಗಂಟೆ ಟ್ರೈನಿಂಗ್, ರಾಜ್ಯ ಫಾರ್ಮಸಿ ಕೌನ್ಸಿಲಲ್ಲಿ ರಿಜಿಸ್ಟ್ರೇಶನ್. ಎಕ್ಸಿಟ್ ಎಕ್ಸಾಮ್, ಅಂದ್ರೆ ಡಿ ಫಾರ್ಮಾ ಮುಗಿದ್ಮೇಲೆ ರಿಜಿಸ್ಟ್ರೇಶನ್‌ಗೆ ಮುಂಚೆ ಬರೆಯೋ ಪರೀಕ್ಷೆ, ಅದರ ನಿಯಮ 2022ರಲ್ಲಿ ಒಂದು ಬಂದಿದೆ, ಅದನ್ನ ಸೇರೋ ಮುಂಚೆನೇ ವಿಚಾರಿಸ್ಕೊಳ್ಳಿ. ಡಿಪ್ಲೊಮಾ ಅಂತ ಮೂಗು ಮುರಿಯೋರು ಬೇಜಾನ್ ಇದಾರೆ, ಆದ್ರೆ ಕೌಂಟರಲ್ಲಿ ನಿಲ್ಲೋಕೆ ಬೇಕಾದ ರಿಜಿಸ್ಟ್ರೇಶನ್ ಇದಕ್ಕೂ ಸಿಗತ್ತೆ, ಬಿ ಫಾರ್ಮಾಗೂ ಸಿಗತ್ತೆ, ಮುಂದೆ ಓದ್ಬೇಕು ಅನ್ಸಿದ್ರೆ ಬಿ ಫಾರ್ಮಾ ಎರಡನೇ ವರ್ಷಕ್ಕೆ ನೇರ ಸೇರ್ಕೋಬೋದು. ಒಂದು ಮಾತ್ರ, ಪಾಸಾಗಿ ಸರ್ಟಿಫಿಕೇಟನ್ನ ಯಾರದೋ ಅಂಗಡಿಗೆ ಬಾಡಿಗೆಗೆ ಕೊಟ್ಟು ಮನೇಲಿ ಕೂರೋದಾದ್ರೆ ದಯವಿಟ್ಟು ಓದ್ಲೇಬೇಡಿ.

ಕಂಪನಿ ಕಡೆ, ಅಂದ್ರೆ ಪ್ರೊಡಕ್ಷನ್, ಕ್ವಾಲಿಟಿ ಕಂಟ್ರೋಲ್, ರೆಗ್ಯುಲೇಟರಿ (ಔಷಧಿಗೆ ಸರ್ಕಾರದ ಅನುಮತಿ ಪಡೆಯೋ ಕೆಲ್ಸ), ಇಲ್ಲಾ ಡ್ರಗ್ಸ್ ಇನ್ಸ್‌ಪೆಕ್ಟರ್ ಕನಸಿದ್ರೆ 4 ವರ್ಷದ ಬಿ ಫಾರ್ಮಾ. ಜಿಪ್ಯಾಟ್ ಅನ್ನೋ ಪ್ರವೇಶ ಪರೀಕ್ಷೆ ಬರೆದು ಎಂ ಫಾರ್ಮಾ, ಅಂದ್ರೆ ಫಾರ್ಮಸಿ ಮಾಸ್ಟರ್ಸ್‌ಗೂ ಹೋಗ್ಬೋದು. ಬಯಾಲಜಿ ಇಲ್ದಿದ್ರೆ ಸೀಟಿಲ್ಲ ಅನ್ನೋದು ಸುಳ್ಳು, ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಓದಿದೋರೂ ಸಿಇಟಿ ಬರೆದು ಸೇರ್ತಾರೆ.

ಇನ್ನು ಮೇಷ್ಟ್ರು ಹೇಳ್ತಿದ್ದ ಕೋರ್ಸು, ಫಾರ್ಮ್ ಡಿ. 2008ರಲ್ಲಿ ಶುರುವಾಗಿದ್ದು, 6 ವರ್ಷ, ಕೊನೇ ವರ್ಷ ಪೂರ್ತಿ ಆಸ್ಪತ್ರೆಲಿ ಇಂಟರ್ನ್‌ಶಿಪ್. ಡೋಸ್ ಹೆಚ್ಚುಕಮ್ಮಿ ಆಗಿದ್ಯಾ, ಎರಡು ಔಷಧಿ ಒಂದಕ್ಕೊಂದು ಹೊಂದಲ್ವಾ ಅಂತ ರೋಗಿಯ ಫೈಲ್ ಹಿಡ್ಕೊಂಡು ನೋಡೋ ಕೆಲ್ಸ. ಕೆಲ್ಸ ಚೆನ್ನಾಗಿದೆ, ಆದ್ರೆ ನಮ್ಮ ಸಣ್ಣ ಊರಿನ ಆಸ್ಪತ್ರೆಗಳಲ್ಲಿ ಆ ಹುದ್ದೆನೇ ಕಾಣ್ಸಲ್ಲ, ಜೊತೆಗೆ ಔಷಧಿ ಬರೆದುಕೊಡೋ ಅಧಿಕಾರವೂ ಇಲ್ಲ, ಹೆಸರಿನ ಮುಂದೆ ಎರಡಕ್ಷರ ಬರತ್ತೆ ಅಂತ 6 ವರ್ಷದ ಫೀಸು ಕಟ್ಟೋಕೆ ಹೋಗ್ಬೇಡಿ. ಅಮೆರಿಕಕ್ಕೆ ಹೋಗಿ ಫಾರ್ಮಸಿಸ್ಟ್ ಆಗ್ಬೇಕು ಅನ್ನೋರ ಲೆಕ್ಕ ಬೇರೆ. 2003ರಿಂದೀಚೆಗೆ ಪಾಸಾದವ್ರಿಗೆ ಅಲ್ಲಿಯ ಪರೀಕ್ಷೆಗೆ ಕೂರೋಕೆ ಕನಿಷ್ಠ 5 ವರ್ಷದ ಫಾರ್ಮಸಿ ಓದು ಬೇಕು, 4 ವರ್ಷದ ಬಿ ಫಾರ್ಮಾ ಸಾಕಾಗಲ್ಲ. ಎಷ್ಟೋ ಜನ ಇದನ್ನ ಡಿಗ್ರಿ ಮುಗಿದ್ಮೇಲೆ ತಿಳ್ಕೊಂಡು ತಲೆ ಮೇಲೆ ಕೈ ಹೊತ್ತಿದಾರೆ.

ಕಾಲೇಜು ಯಾವ್ದೇ ಆಗ್ಲಿ, ಆ ಕೋರ್ಸ್‌ಗೆ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ ಒಪ್ಪಿಗೆ ಇದ್ಯಾ ನೋಡಿ, ಕಟ್ಟಡ ಆಮೇಲೆ ನೋಡಿ. ಒಪ್ಪಿಗೆ ಇಲ್ದಿದ್ರೆ ರಿಜಿಸ್ಟ್ರೇಶನ್ ಇಲ್ಲ, ರಿಜಿಸ್ಟ್ರೇಶನ್ ಇಲ್ದಿದ್ರೆ ಆ ಕಾಗದ ಫ್ರೇಮ್ ಹಾಕಿಸ್ಕೋಬೇಕಷ್ಟೆ. ಫಾರ್ಮ್ ಡಿಗೆ ಯಾವ ಆಸ್ಪತ್ರೆ ಜೊತೆ ಸೇರ್ಕೊಂಡಿದೆ, ಅಲ್ಲಿ ರೋಗಿಗಳು ಇರ್ತಾರಾ ಅಂತ ಒಂದ್ಸಲ ಹೋಗಿ ನೋಡ್ಕೊಂಡೇ ಬನ್ನಿ.

ಮೇಷ್ಟ್ರ ಮಗಳು ಕೊನೆಗೆ ಬಾಯಿಬಿಟ್ಟು ಹೇಳಿದ್ಲು, "ಅಂಕಲ್, ನಂಗೆ ಆಸ್ಪತ್ರೆ ವಾಸನೆನೇ ಆಗಲ್ಲ." ಈಗ ಬಿ ಫಾರ್ಮಾ ಎರಡನೇ ವರ್ಷ. ಮೇಷ್ಟ್ರಿಗೆ ಇನ್ನೂ ನನ್ಮೇಲೆ ಸ್ವಲ್ಪ ಮುನಿಸಿದೆ, ಮಾತ್ರೆಗೆ ಮಾತ್ರ ನಮ್ಮಂಗ್ಡಿಗೇ ಬರ್ತಾರೆ.