ಚಕ್ರದಡಿಯ ನಿಂಬೆಹಣ್ಣು

"ಅದೇನು ತಪ್ಪು ಮಾಡಿತ್ತು?"

ಪಕ್ಕದ ಮನೆಯ ಎಂಟು ವರ್ಷದ ಹುಡುಗಿ ಕಳೆದ ತಿಂಗಳು ನನ್ನನ್ನು ಕೇಳಿದ ಪ್ರಶ್ನೆ ಇದು. ಮಿನಿಯಾಪೊಲಿಸ್‌ನ ಫೆಬ್ರವರಿ, ಸೊನ್ನೆಗಿಂತ 18 ಡಿಗ್ರಿ ಕೆಳಗೆ. ಹಿಂದಿನ ದಿನವಷ್ಟೇ ಕೊಂಡು ತಂದ ಹಳೆಯ ಕಾರಿನ ಪಕ್ಕದಲ್ಲಿ, ಕೈಯಲ್ಲಿ ಕುಂಕುಮದ ಭರಣಿ ಹಿಡಿದು ಕುಕ್ಕರುಗಾಲಿನಲ್ಲಿ ಕುಳಿತಿದ್ದೆ.

ಅಮ್ಮ ಫೋನಿನಲ್ಲಿ ಕಟ್ಟಪ್ಪಣೆ ಮಾಡಿದ್ದಳು: ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಒಂದಾದರೂ ಮನೆಯ ಗಿಡದ್ದಾಗಿರಬೇಕು. ಮನೆಯ ಗಿಡದಲ್ಲಿ ಇದ್ದದ್ದೇ ಒಂದು. ಅಂಗಡಿಯಿಂದ ತಂದ ಮೂರಕ್ಕೂ ದಪ್ಪ ಸಿಪ್ಪೆ. ಚಕ್ರ ತಾಗಿದ್ದೇ ತಡ, ಮಂಜುಗಡ್ಡೆಯ ಮೇಲೆ ಜಾರಿ ಓಡಿದವು. ಒಂದಂತೂ ಎದುರು ಮನೆಯ ಅಂಚೆಪೆಟ್ಟಿಗೆಯ ಬುಡಕ್ಕೆ ಹೋಗಿ ನಿಂತಿತು. ನಮ್ಮದು ಮಾತ್ರ ಇಟ್ಟಲ್ಲೇ ಕುಳಿತು ಪಚಕ್ಕನೆ ಒಡೆಯಿತು.

ಆ ಹಣ್ಣಿನಲ್ಲಿ ಹುಡುಗಿಗೂ ಪಾಲಿತ್ತು. ಹೋದ ವರ್ಷ ಮಾರ್ಚ್‌ನಲ್ಲಿ ಗಿಡ ಮನೆಯೊಳಗೇ ಹೂಬಿಟ್ಟಾಗ (ಒಳಗೆ ಜೇನು ಎಲ್ಲಿಂದ ಬರಬೇಕು?) ತನ್ನ ಬಣ್ಣದ ಕುಂಚ ತಂದು ಹೂವಿನಿಂದ ಹೂವಿಗೆ ಪರಾಗ ಸವರಿದವಳು ಅವಳು. ಇಪ್ಪತ್ತಕ್ಕೂ ಹೆಚ್ಚು ಈಚುಗಳು ಕಚ್ಚಿದ್ದವು. ಕಡಲೆಕಾಳಿನ ಗಾತ್ರಕ್ಕೆ ಬಂದು ಒಂದೊಂದಾಗಿ ಉದುರಿ, ಕೊನೆಗೆ ಒಂದು ಉಳಿಯಿತು. ಅದು ಹಣ್ಣಾಗಲು ಹನ್ನೊಂದು ತಿಂಗಳು ಹಿಡಿಯಿತು. ಶಾಲೆಯಿಂದ ಬಂದವಳು ದಿನವೂ ಒಮ್ಮೆ ಮೂಸಿ ನೋಡಿ ಹೋಗುತ್ತಿದ್ದಳು.

"ತಪ್ಪಿಗಲ್ಲ ಮಗು, ಕಾರಿಗೆ ದೃಷ್ಟಿ ತಾಗಬಾರದೆಂದು" ಎಂದೆ.

"ಯಾರ ದೃಷ್ಟಿ?" ಎಂದು ಅವಳು ಬೀದಿಯ ಎರಡೂ ತುದಿ ನೋಡಿದಳು. ಒಂದು ನರಪಿಳ್ಳೆಯೂ ಇರಲಿಲ್ಲ. ಇದ್ದವಳು ಅವಳೊಬ್ಬಳೇ.

ಇದು ಮೇಯರ್ ನಿಂಬೆ. ಫ್ರಾಂಕ್ ಮೇಯರ್ ಎಂಬ ಸಸ್ಯ ಅನ್ವೇಷಕ 1908ರಲ್ಲಿ ಚೀನಾದಿಂದ ಅಮೆರಿಕಕ್ಕೆ ತಂದ ತಳಿ. ಕುಂಡದ ಬಾಳು ಅದಕ್ಕೆ ಅಲ್ಲಿಂದಲೇ ಅಭ್ಯಾಸ. ಆದರೂ ಮೊದಲ ಚಳಿಗಾಲದಲ್ಲಿ ನಾನು ಅದನ್ನು ಕೊಲ್ಲುವುದೊಂದು ಬಾಕಿ. ಕೊಡಗಿನವನಿಗೆ ನಿಂಬೆಗಿಡ ಸಾಕುವುದನ್ನು ಯಾರು ಹೇಳಿಕೊಡಬೇಕು ಎಂಬ ಗರ್ವ. ದಕ್ಷಿಣದ ಕಿಟಕಿಗೆ ಒತ್ತಿ, ತಣ್ಣನೆಯ ಕಲ್ಲುಹಾಸಿನ ಮೇಲಿಟ್ಟು ದಿನವೂ ನೀರು ಹಾಕಿದೆ. ಡಿಸೆಂಬರ್‌ನಲ್ಲಿ ಎಲೆಗಳು ಹಳದಿಯೂ ಆಗದೆ, ಹಸಿರಾಗಿದ್ದಂತೆಯೇ ಉದುರತೊಡಗಿದವು. ನೀರು ಸಾಲದೇನೋ ಎಂದು ಇನ್ನಷ್ಟು ಹುಯ್ದೆ.

ಹುಡುಗಿಯ ಅಜ್ಜಿ ಬಂದು, ಮಣ್ಣಿಗೆ ಬೆರಳಿಳಿಸಿ ನೋಡಿ, "ಇದರ ಕಾಲು ತಣ್ಣಗಿದೆ" ಎಂದರು. ಮಣ್ಣು 13 ಡಿಗ್ರಿಗಿಂತ ತಣ್ಣಗಾದರೆ ಬೇರು ಮಲಗಿಬಿಡುತ್ತದಂತೆ. ಗಾಜಿನ ಬಿಸಿಲಿಗೆ ಕಾದ ಎಲೆ ಮೇಲಿಂದ ನೀರು ಕೇಳುತ್ತದೆ, ಕೆಳಗೆ ಕೊಡುವವರು ಎಚ್ಚರವಿಲ್ಲ, ಎಲೆ ಬೀಳುತ್ತದೆ. ತಲೆಗೆ ಬಿಸಿಲು, ಕಾಲಿಗೆ ಹಿಮ. ಅಂದು ರಾತ್ರಿ ನಾನು ಯೋಚಿಸಿದ್ದು ಬರೀ ಗಿಡದ ಬಗ್ಗೆಯಲ್ಲ.

ಮರುದಿನ ಕುಂಡ ಮಣೆಯೇರಿತು. ಅಮ್ಮ ಊರಿನಿಂದ ಹೊರಿಸಿ ಕಳಿಸಿದ ಊಟದ ಮಣೆ. ಈಗ ಮೇಲಿನ ಎರಡು ಅಂಗುಲ ಮಣ್ಣು ಒಣಗಿದ ಮೇಲಷ್ಟೇ ನೀರು, ಅದೂ ಉಗುರುಬೆಚ್ಚಗಿನದು. ಚಳಿಗಾಲ ಮುಗಿಯುವವರೆಗೆ ಗೊಬ್ಬರವಿಲ್ಲ. ದಿನಕ್ಕೆ ಹನ್ನೆರಡು ಗಂಟೆ ನೆತ್ತಿಯ ಮೇಲೆ ದೀಪ. ಹೀಟರಿನ ಒಣಗಾಳಿ ಬಡಿದರೆ ಜೇಡರ ನುಸಿ ಹತ್ತುತ್ತದೆ; ಎಲೆ ಅಂಟಂಟಾದರೆ ಶಲ್ಕಕೀಟ ಕುಳಿತಿದೆ ಎಂದರ್ಥ. ಭಾನುವಾರ ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ ಎಲೆಗಳನ್ನು ಒಂದೊಂದಾಗಿ ಒರೆಸುತ್ತೇನೆ, ಬೆನ್ನುಭಾಗವನ್ನೂ. ರಾತ್ರಿಯ ಶೀತ 10 ಡಿಗ್ರಿಗೆ ಇಳಿಯುವ ಮೊದಲೇ, ಅಂದರೆ ತಲಕಾವೇರಿಯ ತೀರ್ಥೋದ್ಭವಕ್ಕಿಂತ ಒಂದು ತಿಂಗಳು ಮುಂಚೆ, ಗಿಡದ ಗೃಹಪ್ರವೇಶ ಆಗಿರುತ್ತದೆ. ಊರಿನವರು ಕಂಡರೆ, ತೋಟದಲ್ಲಿ ಕಸಿಕತ್ತರಿ ಮುಟ್ಟದವನು ಇವನೇನಾ ಎಂದು ನಗುತ್ತಾರೆ.

ಊರಿನಲ್ಲಿ ಆಯುಧಪೂಜೆಗೆ ಜೀಪಿಗೆ ನಾಲ್ಕು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ಗೆ ಎರಡು, ತಕ್ಕಡಿಗೊಂದು ಎಂದು ಕುಕ್ಕೆಗಟ್ಟಲೆ ನಿಂಬೆ ಹಿಂಡಿಯಾಗುತ್ತಿತ್ತು. ಆಳೆತ್ತರದ ಗಿಡದ ಕೆಳಗೆ ಬಿದ್ದು ಕೊಳೆಯುತ್ತಿದ್ದವು ಬೇರೆ. ಯಾವ ಮಗುವೂ ಅದರ ತಪ್ಪೇನು ಎಂದು ಕೇಳಿದ್ದಿಲ್ಲ. ನಾನೂ ಕೇಳಿರಲಿಲ್ಲ.

ಆದರೆ ಕೇಳಬೇಕಾಗಿದ್ದ ಒಂದು ದಿನ ಇತ್ತು. ಹಿಮದ ಮೇಲೆ ಒಡೆದ ಹಣ್ಣಿನ ಪರಿಮಳ ಅದನ್ನು ಎಳೆದು ತಂದಿತು. ಮೇಯರ್ ನಿಂಬೆಯ ವಂಶದಲ್ಲಿ ಕಿತ್ತಳೆಯ ರಕ್ತವೂ ಇದೆ. ವಾಸನೆ ಪೂರ್ತಿ ನಿಂಬೆಯದಲ್ಲ. ಸುಂಟಿಕೊಪ್ಪದ ಹತ್ತಿರದ ನಮ್ಮ ತೋಟದಲ್ಲಿ ಕಾಫಿಯ ನಡುವೆ ಕಿತ್ತಳೆ ಮರಗಳಿದ್ದವು. ಹಸಿರು ಬೆರೆತ ಹಳದಿ, ಮೈಗೆ ಬಿಗಿಯಾಗಿ ಅಂಟಿದ ಸಿಪ್ಪೆ, ಸಿಹಿಯ ಹಿಂದೆಯೇ ಬರುವ ಹುಳಿ. ನಾನು ಹೈಸ್ಕೂಲಿನಲ್ಲಿದ್ದಾಗ ಎಲೆಗಳಲ್ಲಿ ಹಳದಿ ಮಚ್ಚೆ ಮೂಡಿತು, ಕಾಯಿ ಸಣ್ಣದಾಗಿ ಒಂದು ಮಗ್ಗುಲಿಗೆ ವಾಲಿ, ಬುಡದಲ್ಲಿ ಹಸಿರು ಹಾಗೇ ಉಳಿಯಿತು. ಅದು ಗ್ರೀನಿಂಗ್ ರೋಗವೆಂದೂ, ಸಿಲಿಡ್ ಎಂಬ ಪುಟ್ಟ ಕೀಟ ಮರದಿಂದ ಮರಕ್ಕೆ ಹೊತ್ತೊಯ್ಯುತ್ತದೆಂದೂ, ಬಂದ ಮೇಲೆ ಮದ್ದಿಲ್ಲವೆಂದೂ ತಿಳಿದದ್ದು ಇಲ್ಲಿಗೆ ಬಂದ ಮೇಲೆ, ಈ ಒಂದು ಗಿಡಕ್ಕಾಗಿ ಓದುವಾಗ. ಚೆಟ್ಟಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರ ನಮಗೆ ಬಸ್ಸಿನ ದಾರಿ. ಮನೆಯಿಂದ ಯಾರೂ ಒಂದು ರೋಗದ ಎಲೆ ಹಿಡಿದು ಹೋಗಲಿಲ್ಲ. "ಮಣ್ಣು ಸೋತಿದೆ" ಎಂದು ಅಪ್ಪ ಎರಡು ದಿನದಲ್ಲಿ ಅಷ್ಟೂ ಮರ ಕಡಿಸಿದರು. ಆ ಜಾಗಕ್ಕೆ ಸಿಲ್ವರ್ ಓಕ್, ಅದಕ್ಕೆ ಮೆಣಸಿನ ಬಳ್ಳಿ. ನಾನು ಕೊಡಲಿಯ ಸದ್ದು ಕೇಳುತ್ತ ಒಳಗೆ ಪರೀಕ್ಷೆಗೆ ಓದುತ್ತಿದ್ದೆ.

ಆಮೇಲೆ ಕೊಡಗಿನ ಕಿತ್ತಳೆಗೆ, ಇದು ಈ ನೆಲದ್ದೇ ಬೆಳೆ ಎನ್ನುವ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತೆಂದು ಓದಿ, ಕಚೇರಿಯಲ್ಲಿ ಎಲ್ಲರಿಗೂ ಹೇಳಿ ಹೆಮ್ಮೆಪಟ್ಟೆ. ನಮ್ಮ ತೋಟದಲ್ಲಿ ಅಷ್ಟರಲ್ಲಿ ಒಂದು ಮರವೂ ಇರಲಿಲ್ಲ. ಹೋದ ಸಲ ಊರಿಗೆ ಹೋದಾಗ ಕುಶಾಲನಗರದ ರಸ್ತೆಬದಿಯಲ್ಲಿ "ಕೊಡಗಿನ ಕಿತ್ತಳೆ" ಎಂದು ಕೊಂಡದ್ದರ ಸಿಪ್ಪೆ ಬೆರಳಿಟ್ಟೊಡನೆ ಸಡಿಲವಾಗಿ ಬಿಚ್ಚಿಕೊಂಡಿತು. ನಾಗಪುರದ್ದು. ಅಪ್ಪ ಏನೂ ಹೇಳದೆ ತಿಂದರು.

ಹುಡುಗಿ ಕೈಗವಸು ಕಳಚಿ ಹಿಮದಿಂದ ಬೀಜಗಳನ್ನು ಆರಿಸಿದಳು. ಐದು ಸಿಕ್ಕವು. ಮೊಸರಿನ ಖಾಲಿ ಡಬ್ಬಿ ತರುತ್ತೇನೆಂದು ಓಡಿದಳು, ನನಗೆ ಕ್ಷಮೆ ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ. ಆ ರಾತ್ರಿ ಅಮ್ಮನಿಗೆ ವರದಿ ಒಪ್ಪಿಸುವಾಗ ಇದನ್ನೂ ಹೇಳಿದೆ. ಕಿತ್ತಳೆ ಕಡಿಸಿದ ಮೇಲೆ ಗಿಡಮರದ ಮಾತೆತ್ತಿದರೆ ಎದ್ದು ಹೋಗುತ್ತಿದ್ದ ಅಪ್ಪ ಅಮ್ಮನ ಕೈಯಿಂದ ಫೋನು ತೆಗೆದುಕೊಂಡರು.

"ಬೀಜ ಒಣಗಲು ಬಿಟ್ಟಿಲ್ಲ ತಾನೇ? ಒಣಗಿದರೆ ಹುಟ್ಟುವುದಿಲ್ಲ. ಒಂದು ಗಣ್ಣಿನಷ್ಟು ಆಳ ಸಾಕು, ಅದಕ್ಕಿಂತ ಹೂಳಬೇಡ ಎಂದು ಆ ಮಗುವಿಗೆ ಹೇಳು."